ಸರ್ವರ್ ಆರಿಸುವ ಮುಂಚೆ ಒಂದು ಮಾತು

ಗೆಳೆಯರೇ, ಲೆಮ್ಮಿ (ರೆಡ್ಡಿಟ್‌ನಂಥ ಚರ್ಚಾತಾಣ ನಡೆಸುವ ತಂತ್ರಾಂಶ, ಬೇರೆ ಬೇರೆಯವರು ತಮ್ಮ ತಮ್ಮ ಸರ್ವರ್‌ಗಳಲ್ಲಿ ಇದನ್ನು ನಡೆಸುತ್ತಾರೆ) ಬರೆದವರ ರಾಜಕೀಯ ಹಿಡಿಸುವುದಿಲ್ಲ, ಅದು ಬೇಡ ಎಂದು ಕೆಲವರು ಹೇಳುತ್ತಿದ್ದೀರಿ. ಅನುಮಾನ ಸಹಜವೇ. ಆದರೆ ಕೋಡ್ ಬೇರೆ, ಸರ್ವರ್ ಬೇರೆ ಅಲ್ವಾ? ಕೋಡ್ ಎಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿದೆ, ಯಾರು ಬೇಕಾದರೂ ಓದಬಹುದು, ಬದಲಿಸಬಹುದು. ಮೊದಮೊದಲು ಬೈಗುಳ ತಡೆಯುವ ಪದಗಳ ಪಟ್ಟಿ ಕೋಡ್‌ನೊಳಗೇ ಕೂತಿತ್ತು. ಜನ ತಕರಾರು ತೆಗೆದರು. ಆಮೇಲೆ ಅದನ್ನು ಸರ್ವರ್ ನಡೆಸುವವರ ಕೈಗೇ ಬಿಟ್ಟರು. 2019ರಲ್ಲಿ ಗ್ಯಾಬ್ ಎಂಬ ಬಲಪಂಥೀಯ ಜಾಲತಾಣ, ಮಸ್ಟೊಡಾನ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದ ಕೋಡನ್ನು ಎತ್ತಿಕೊಂಡಾಗಲೂ ಅಷ್ಟೇ, ಬರೆದವರಿಗೆ ಇಷ್ಟವಿಲ್ಲದಿದ್ದರೂ ತಡೆಯಲಾಗಲಿಲ್ಲ.

ನನಗೆ ಜಾಸ್ತಿ ಚಿಂತೆ ಸರ್ವರ್ ನಡೆಸುವವರದ್ದು. ನಮ್ಮ ಪೋಸ್ಟ್ ಅಳಿಸುವ ಕೈ ಅವರದ್ದೇ. ಹಾಗಾಗಿ ಡೆವಲಪರ್‌ಗಳೇ ನಡೆಸುವ ಲೆಮ್ಮಿ ಡಾಟ್ ಎಂಎಲ್ ಸರ್ವರ್ ಬಿಟ್ಟು ಬೇರೆ ನೋಡೋಣ. ಲೆಮ್ಮಿಯಲ್ಲಿ ಮಾಡರೇಶನ್ ಲಾಗ್, ಅಂದರೆ ಯಾವ ಪೋಸ್ಟ್ ಅಳಿಸಿದರು, ಯಾರನ್ನು ಹೊರಹಾಕಿದರು ಎಂಬ ದಾಖಲೆ, ಎಲ್ಲರಿಗೂ ಕಾಣುತ್ತದೆ. ಭಾನುವಾರದೊಳಗೆ ಒಂದೆರಡು ಸರ್ವರ್‌ಗಳ ಲಾಗ್ ಓದಿ, ಏನನ್ನಿಸಿತು ಇಲ್ಲೇ ತಿಳಿಸಿ.