ಚಿಂಕಾರ ಕಾಲು ಬಡಿದರೆ ಅಲ್ಲೇ ನಿಲ್ಲಿ

ಮಾನ್ಯರೆ,

ಬಾಗಲಕೋಟೆ ಜಿಲ್ಲೆಯ ಬೀಳಗಿ, ಮುಧೋಳ ತಾಲ್ಲೂಕುಗಳಲ್ಲಿ ಹರಡಿರುವ ಯಡಹಳ್ಳಿ 2016ರಲ್ಲಿ ಚಿಂಕಾರ ಎಂಬ ಸಣ್ಣ ಹುಲ್ಲೆಯ ವನ್ಯಧಾಮವಾಯಿತು. ಅಲ್ಲಿಗೆ ಕ್ಯಾಮೆರಾ ಹಿಡಿದು ಬರುವವರಿಗೆ ಕೆಲವು ಮಾತು.

ಚಿಂಕಾರದ ಭುಜದೆತ್ತರ ಎರಡಡಿಗಿಂತ ತುಸು ಹೆಚ್ಚು, ಮೈಬಣ್ಣ ಒಣಹುಲ್ಲಿನದೇ. ಹಾಗಾಗಿ ಮೊದಲು ಕಣ್ಣಿಗೆ ಬೀಳುವುದು ಪಟಪಟನೆ ಆಡುವ ಕಪ್ಪು ಬಾಲ. ಅದು ಮುಂಗಾಲಿನಿಂದ ನೆಲ ಬಡಿದು ಮೂಗಿನಿಂದ ಸೀನಿದಂತೆ ಸದ್ದು ಮಾಡಿತೆಂದರೆ ನೀವು ತೀರ ಹತ್ತಿರ ಹೋಗಿದ್ದೀರಿ. ಅಲ್ಲೇ ನಿಲ್ಲಿ. ಅಟ್ಟಿಸಿಕೊಂಡು ಹೋದವರಿಗೆ ಸಿಗುವುದು ಹಿಂಭಾಗದ ಚಿತ್ರವಷ್ಟೇ!

ಗಾಡಿಯಿಂದ ಇಳಿಯದೆ, ಎಂಜಿನ್ ಆರಿಸಿ, ಗಾಳಿ ಪ್ರಾಣಿಯ ಕಡೆಯಿಂದ ನಿಮ್ಮತ್ತ ಬೀಸುವಂತೆ ನಿಲ್ಲಿಸಿ. 400 ಮಿ.ಮೀ. ಲೆನ್ಸು ಅಲುಗದಂತೆ ಆನಿಸಲು ಕಿಟಕಿಯ ಮೇಲೆ ಎರಡು ಕಿಲೋ ಜೋಳ ತುಂಬಿದ ಬಟ್ಟೆಚೀಲ ಸಾಕು, ಹೊಲಿಗೆ ಮಾತ್ರ ಗಟ್ಟಿಯಿರಲಿ. ಓಡುವ ಚಿಂಕಾರದ ಚಿತ್ರಕ್ಕೆ ಶಟರ್ ವೇಗ 1/1600 ಸೆಕೆಂಡು ಬೇಕು. ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ಚಿತ್ರ ಮಸುಕಾದರೆ ಲೆನ್ಸನ್ನು ದೂರಬೇಡಿ; ಕಾದ ನೆಲದಿಂದೇಳುವ ಗಾಳಿಯ ನಡುಕ ಅದು.

ಹುಲ್ಲಿನಲ್ಲಿ ಒಂಟಿ ಮರಿ ಕಂಡರೆ ಮುಟ್ಟಬೇಡಿ. ತಾಯಿ ಬಚ್ಚಿಟ್ಟು ಮೇಯಲು ಹೋಗಿರುತ್ತದೆ. ನೀವು ನಿಂತಷ್ಟು ಹೊತ್ತು ಅದು ಮರಳುವುದಿಲ್ಲ. ಚಿತ್ರ ಹಂಚಿಕೊಳ್ಳುವ ಮುನ್ನ ಅದರಲ್ಲಿ ಮೊಬೈಲು ದಾಖಲಿಸಿದ ಲೊಕೇಷನ್ ಅಳಿಸಿ, ಬೇಟೆಗಾರರೂ ಅದನ್ನು ನೋಡುತ್ತಾರೆ.

– ವನ್ಯಜೀವಿ ಮಾರ್ಗದರ್ಶಕರು, ಬೀಳಗಿ