ಢಾಕಾಕ್ಕೆ ಹೊರಟ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ಢಾಕಾದ ಕೆಲಸ ಗಟ್ಟಿಯಾಯಿತು ಅಂತ ನಿಮ್ಮಪ್ಪ ಫೋನ್ ಮಾಡಿದ್ದ. ಯುರೋಪಿನ ಬ್ರ್ಯಾಂಡು, ಅವರಿಗೆ ಬಟ್ಟೆ ಹೊಲಿಯುವ ಫ್ಯಾಕ್ಟರಿಗಳಲ್ಲಿ ಕಂಪ್ಲಯನ್ಸ್, ಅಂದರೆ ನಿಯಮ ಪಾಲಿಸುತ್ತಾರಾ ಅಂತ, ನೋಡುವ ಕೆಲಸ ಅಂತೆ. ಖುಷಿಯಾಯಿತು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಚೆಕ್ಕರ್ ಆಗಿ ಸೇರಿ, ಆರ್ಡರ್ ನೋಡಿಕೊಳ್ಳುವ ಮರ್ಚಂಡೈಸರ್ ಆಗಿ ರಿಟೈರ್ ಆದ ಅತ್ತೆ ಸುಮ್ನೆ ಇರ್ತಾಳಾ? ನಾಲ್ಕು ಮಾತು ಹೇಳಲೇಬೇಕು.

ಹೋದ ಮೊದಲ ವಾರವೇ ಫ್ಯಾಕ್ಟರಿಯವರು ‘ನಮ್ಮ ಕಡೆ ಹೀಗೇ ಮೇಡಂ’ ಅಂತಾರೆ. ನಿಮ್ಮ ಹೆಡ್ಡಾಫೀಸಿನವರು ‘ಆ ದೇಶದವರೇ ಹಾಗೆ’ ಅಂತಾರೆ. ಎರಡನ್ನೂ ನಂಬಬೇಡ. ಸಂಸ್ಕೃತಿ ಅಂತ ತೋರಿಸುವ ತಪ್ಪುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹುಟ್ಟುವುದು ಆರ್ಡರ್ ಶೀಟಿನಲ್ಲಿ. ಪೀಸಿಗೆ ಎಷ್ಟು, ಶಿಪ್‌ಮೆಂಟ್ ಯಾವತ್ತು, ಮೊದಲು ಅದನ್ನು ನೋಡು.

ರಾಣಾ ಪ್ಲಾಜಾ ನೆನಪಿದೆಯಲ್ಲ? ಢಾಕಾ ಪಕ್ಕದ ಸಾವರ್‌ನಲ್ಲಿ ಎಂಟು ಮಹಡಿಯ ಕಟ್ಟಡ. 2013ರ ಏಪ್ರಿಲ್ 23ಕ್ಕೆ ಅದರಲ್ಲಿ ದೊಡ್ಡ ಬಿರುಕು ಕಂಡಿತು. ಕೆಳಗಿದ್ದ ಬ್ಯಾಂಕು, ಅಂಗಡಿಗಳು ಬಾಗಿಲು ಹಾಕಿಕೊಂಡವು. ಮೇಲಿದ್ದ ಗಾರ್ಮೆಂಟ್ ಫ್ಯಾಕ್ಟರಿಗಳು ಮರುದಿನ ಬೆಳಿಗ್ಗೆ ಜನರನ್ನು ಒಳಗೆ ಕರೆಸಿಕೊಂಡವು. ಬರದಿದ್ದರೆ ಸಂಬಳ ಹಿಡಿಯುತ್ತೇವೆ ಅಂತ ಹೆದರಿಸಿದರು ಎಂದು ಬದುಕಿ ಬಂದವರು ಆಮೇಲೆ ಹೇಳಿದರು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕಟ್ಟಡ ಕುಸಿಯಿತು. ಸತ್ತವರು 1,134 ಜನ. ಬ್ಯಾಂಕಿನವರೂ ಬಂಗಾಳಿಗಳೇ, ಹೊಲಿಯುವವರೂ ಬಂಗಾಳಿಗಳೇ. ಕಟ್ಟಡ ಒಂದೇ, ಬಿರುಕೂ ಒಂದೇ. ಬ್ಯಾಂಕಿಗೆ ಶಿಪ್‌ಮೆಂಟ್ ತಾರೀಖು ಇರಲಿಲ್ಲ, ಅಷ್ಟೇ. ಅಲ್ಲಿನ ಕೆಲವು ಫ್ಯಾಕ್ಟರಿಗಳಲ್ಲಿ ಅದಕ್ಕೂ ಮುಂಚೆ ಸೋಷಿಯಲ್ ಆಡಿಟ್, ಅಂದರೆ ಕೆಲಸಗಾರರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅನ್ನುವ ತಪಾಸಣೆ, ಆಗಿತ್ತು. ಕಟ್ಟಡ ಗಟ್ಟಿ ಇದೆಯಾ ಅಂತ ನೋಡುವುದು ಆ ಆಡಿಟ್‌ನ ಪಟ್ಟಿಯಲ್ಲೇ ಇರಲಿಲ್ಲ.

ಹಾಗಂತ ಅಲ್ಲಿಯವರನ್ನು ಸಸಾರ ಮಾಡಬೇಡ. ನಮ್ಮ ಕರ್ನಾಟಕದಲ್ಲೇ 2020ರ ಏಪ್ರಿಲ್‌ನಿಂದ ಗಾರ್ಮೆಂಟ್ಸ್ ಹೆಂಗಸರಿಗೆ ಸೇರಬೇಕಿದ್ದ ತುಟ್ಟಿಭತ್ಯೆ, ತಿಂಗಳಿಗೆ 417 ರೂಪಾಯಿ, ವರ್ಷಗಟ್ಟಲೆ ಬಾಕಿ ಉಳಿಯಿತು. ಅದೂ ದೊಡ್ಡ ದೊಡ್ಡ ಬ್ರ್ಯಾಂಡುಗಳಿಗೆ ಹೊಲಿಯುವ ಫ್ಯಾಕ್ಟರಿಗಳಲ್ಲಿ.

ಈಗ ಕೆಲಸದ ಗುಟ್ಟು ಒಂದು ಹೇಳ್ತೀನಿ. ಹಾಜರಿ ಪುಸ್ತಕ ಕೇಳಿದರೆ ನಿನ್ನ ಮುಂದೆ ಮುತ್ತಿನಂಥ ಅಕ್ಷರದ್ದು ಇಡುತ್ತಾರೆ. ಎಲ್ಲರೂ ಎಂಟಕ್ಕೆ ಬಂದು ಐದಕ್ಕೆ ಹೋಗಿರುತ್ತಾರೆ. ಸಾವಿರ ಜನರಲ್ಲಿ ಒಬ್ಬಳೂ ಒಂದು ನಿಮಿಷ ತಡ ಮಾಡಿರುವುದಿಲ್ಲ! ಅದನ್ನು ಪಕ್ಕಕ್ಕಿಡು, ಮುರಿದ ಸೂಜಿಯ ರಿಜಿಸ್ಟರ್ ಕೇಳು. ಬಟ್ಟೆಯೊಳಗೆ ಸೂಜಿಯ ಚೂರು ಉಳಿಯಬಾರದು ಅಂತ ಪ್ರತಿ ಫ್ಲೋರಿನಲ್ಲೂ ಅದನ್ನು ಇಟ್ಟಿರುತ್ತಾರೆ. ಚೂರುಗಳನ್ನು ಟೇಪ್ ಹಾಕಿ ಅಂಟಿಸಿ, ಪಕ್ಕದಲ್ಲಿ ತಾರೀಖು, ಗಂಟೆ, ಮಷಿನ್ ನಂಬರು ಬರೆದಿರುತ್ತಾರೆ. ಬಾಂಗ್ಲಾದೇಶದಲ್ಲಿ ವಾರದ ರಜೆ ಶುಕ್ರವಾರ. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಸೂಜಿ ಮುರಿದಿದ್ದರೆ ಆ ಹೊತ್ತಿನಲ್ಲಿ ಯಾರೋ ಹೊಲಿಯುತ್ತಿದ್ದರು ಅಂತ ತಾನೇ? ಆದರೆ ಅದನ್ನು ಹಿಡಿದುಕೊಂಡು ಮ್ಯಾನೇಜರ್ ಮೇಲೆ ಹಾರಾಡಬೇಡ. ಆ ವಾರ ನಿಮ್ಮ ಕಂಪನಿಯವರು ಏನು ಇಮೇಲ್ ಕಳಿಸಿದ್ದರು ಅಂತ ತೆಗೆದು ನೋಡು. ಬಟನ್ ಬಣ್ಣ ಒಪ್ಪಿಕೊಳ್ಳುವುದಕ್ಕೇ ಹತ್ತು ದಿನ ತಗೊಂಡು, ತಾರೀಖನ್ನು ಮಾತ್ರ ಒಂದು ದಿನವೂ ಮುಂದೆ ಹಾಕದ ಬೈಯರ್‌ಗಳನ್ನು ನಾನು ಕಂಡಿದ್ದೇನೆ. ನಿನ್ನ ರಿಪೋರ್ಟಿನಲ್ಲಿ ಶುಕ್ರವಾರದ ಓವರ್‌ಟೈಮ್ ಬರೆಯುವಾಗ ಅದರ ಕೆಳಗೇ ಆ ಇಮೇಲ್ ಕಳಿಸಿದ ತಾರೀಖೂ ಇರಲಿ. ಬಾಸ್ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ಇನ್ನು ಮಕ್ಕಳ ವಿಷಯ. ಇದರಲ್ಲಿ ಒಳ್ಳೆ ಮನಸ್ಸೊಂದೇ ಸಾಲದು. 1990ರ ದಶಕದ ಶುರುವಿನಲ್ಲಿ ಅಮೆರಿಕದ ಸೆನೆಟರ್ ಟಾಮ್ ಹಾರ್ಕಿನ್, ಮಕ್ಕಳು ತಯಾರಿಸಿದ ಸರಕು ತಮ್ಮ ದೇಶಕ್ಕೆ ಬರಕೂಡದು ಅಂತ ಮಸೂದೆ ತಂದರು. ಅದು ಪಾಸಾಗಲೇ ಇಲ್ಲ. ಆದರೂ ಹೆದರಿದ ಬಾಂಗ್ಲಾ ಮಾಲೀಕರು ಮಕ್ಕಳನ್ನು ಹೊರಗೆ ಕಳಿಸಿಬಿಟ್ಟರು. ಸುಮಾರು 50,000 ಮಕ್ಕಳು ಅಂತ ಅಂದಾಜು. ಅವರೆಲ್ಲ ಶಾಲೆಗೆ ಹೋದರಾ? ಎಷ್ಟೋ ಮಕ್ಕಳು ಕಲ್ಲು ಒಡೆಯಲು, ಬೀದಿಯಲ್ಲಿ ಮಾರಲು ಹೋದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಲೀವೈಸ್ ಕಂಪನಿಗೂ ತನ್ನ ಬಾಂಗ್ಲಾ ಗುತ್ತಿಗೆದಾರರ ಹತ್ತಿರ 14 ತುಂಬದ ಮಕ್ಕಳು ಕಣ್ಣಿಗೆ ಬಿದ್ದರು. ಅವರು ಮಾಡಿದ್ದೇ ಬೇರೆ. ಮಕ್ಕಳು ಶಾಲೆಗೆ ಹೋಗಬೇಕು, ಗುತ್ತಿಗೆದಾರ ಸಂಬಳ ಕೊಡುತ್ತಲೇ ಇರಬೇಕು. ಫೀಸು, ಪುಸ್ತಕ, ಯೂನಿಫಾರ್ಮ್ ಖರ್ಚು ಲೀವೈಸ್‌ದು. 14 ತುಂಬಿದ ಮೇಲೆ ಬೇಕಿದ್ದರೆ ಕೆಲಸ ವಾಪಸ್. ದುಡ್ಡು ಖರ್ಚಾಯಿತು, ನಿಜ. ‘ಹುಡುಗಿಯನ್ನು ಕೆಲಸದಿಂದ ತೆಗೆಯಿರಿ’ ಅಂತ ನೀನು ಬರೆಯುವ ಮುಂಚೆ, ನಾಳೆಯಿಂದ ಅವಳ ಮನೆಯ ಖರ್ಚು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿ, ಉತ್ತರವನ್ನೂ ಬರೆ.

ಲಂಚದ ಬಗ್ಗೆ ಜಾಸ್ತಿ ಹೇಳಲ್ಲ, ನಿನಗೆ ಗೊತ್ತಿರುವುದೇ. ‘ನಿಮ್ಮ ಏಷ್ಯಾದ ಅಭ್ಯಾಸ’ ಅಂತ ಯಾರಾದರೂ ಮೂಗು ಮುರಿದರೆ ಒಂದು ಮಾತು ನೆನಪಿಸು. ಹೊರದೇಶದಲ್ಲಿ ಕೊಟ್ಟ ಲಂಚವನ್ನು ಖರ್ಚು ಅಂತ ತೋರಿಸಿ ತೆರಿಗೆ ಉಳಿಸುವುದಕ್ಕೆ ಜರ್ಮನಿಯಲ್ಲಿ 1999ರವರೆಗೆ ಅವಕಾಶ ಇತ್ತು. 2008ರಲ್ಲಿ ಜರ್ಮನಿಯ ಸೀಮೆನ್ಸ್ ಕಂಪನಿ ಲಂಚದ ಕೇಸಿನಲ್ಲಿ ಅಮೆರಿಕ, ಜರ್ಮನಿ ಎರಡೂ ಕಡೆ ಸೇರಿ 160 ಕೋಟಿ ಡಾಲರ್ ದಂಡ ಕಟ್ಟಿತಲ್ಲ, ಆಗ ಅದರ ಬಾಂಗ್ಲಾದೇಶದ ಕಂಪನಿಯೂ ಅಮೆರಿಕದ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು.

ಆದರೆ ಉಪಚಾರ ಬೇರೆ, ಲಂಚ ಬೇರೆ. ಬಂಗಾಳಿಗಳು ತಿನ್ನಿಸದೆ ಬಿಡುವ ಪೈಕಿ ಅಲ್ಲ. ಚಹಾ ಕುಡಿ, ಮಿಷ್ಟಿ ತಿನ್ನು. ಡಬ್ಬ ಕಟ್ಟಿ ಕೊಟ್ಟರೆ ಆಫೀಸಿಗೆ ತಂದು ಎಲ್ಲರೆದುರು ಬಿಚ್ಚಿ ಹಂಚು. ನಿಯಮ ಅಂತ ಹೇಳಿ ತಟ್ಟೆ ದೂಡಿದರೆ ಆ ಮನುಷ್ಯ ನಾಳೆ ನಿನಗೆ ನಿಜ ಹೇಳಲ್ಲ. ಈದ್ ಹೊತ್ತಿಗೆ ಜಮ್ದಾನಿ ಸೀರೆ ಬಂದರೆ ಮಾತ್ರ ಒಂದು ಒಳ್ಳೆ ಚೀಟಿ ಬರೆದು ಅವತ್ತೇ ವಾಪಸ್ ಕಳಿಸು. ಆಸೆ ಆದರೆ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ತಗೋ. ನನಗೂ ಒಂದು ತಾ, ಬಿಲ್ ಸಮೇತ.

ನಿನ್ನ ಅತ್ತೆ