ಪಂಪ್ ನಿಂತರೂ ನಿಮ್ಮ ಕ್ಲೋರಿನೇಟರ್ ನಿಲ್ಲುತ್ತಿಲ್ಲ

ಗ್ರಾಹಕ ಸೇವಾ ವಿಭಾಗದವರಿಗೆ,

ಆಲ್ದೂರಿನ ಹತ್ತಿರ ತೋಟದಲ್ಲಿ ನಮ್ಮದೊಂದು ಹೋಂಸ್ಟೇ ಇದೆ. ಅಲ್ಲಿನ ಈಜುಕೊಳಕ್ಕೆ ಮೂರು ತಿಂಗಳ ಹಿಂದೆ ನಿಮ್ಮಿಂದ ಉಪ್ಪುನೀರಿನ ಕ್ಲೋರಿನೇಟರ್ ತಗೊಂಡೆ, ಕೊಳದ ಉಪ್ಪುನೀರಿಗೆ ಕರೆಂಟ್ ಹಾಯಿಸಿ ಅದರಿಂದಲೇ ಕ್ಲೋರಿನ್ ಮಾಡುವ ಮೆಷಿನ್. ಕೊಳ 50,000 ಲೀಟರ್‌ದು. ಲೀಟರಿಗೆ ಮೂರೂವರೆ ಗ್ರಾಂ ಲೆಕ್ಕದಲ್ಲಿ 175 ಕಿಲೋ ಉಪ್ಪು ಹಾಕಿದ್ದೂ ನೀವು ಹೇಳಿದ ಹಾಗೇ. ನೀರು ಚೆನ್ನಾಗಿತ್ತು, ಮಕ್ಕಳಿಗೆ ಕಣ್ಣುರಿ ಬರಲಿಲ್ಲ. ನನ್ನ ತಕರಾರು ಕರೆಂಟಿನದು.

ಕೊಳ್ಳುವಾಗಲೇ ಇದಕ್ಕೆ ಎಂಥ ಲೈನ್ ಬೇಕು ಅಂತ ಕೇಳಿದ್ದೆ. 'ಬರೀ 8 ವೋಲ್ಟಿನ ಮೆಷಿನ್ ಸರ್, ಯಾವ ಪ್ಲಗ್ಗಿಗಾದರೂ ಹಾಕಿ' ಅಂದರು ನಿಮ್ಮವರು. 8 ವೋಲ್ಟ್ ಅನ್ನುವುದು ಸೆಲ್ಲಿಗೆ, ಅಂದರೆ ನೀರು ಹಾದುಹೋಗುವ ಪ್ಲೇಟುಗಳ ಭಾಗಕ್ಕೆ, ಹೋಗುವ ಡಿಸಿ ಕರೆಂಟ್, ಅದೂ 20 ಆಂಪಿಯರ್. ಗೋಡೆಯಿಂದ ಮೆಷಿನ್ನಿನ ಡಬ್ಬಿಗೆ ಬರುವುದು 230 ವೋಲ್ಟೇ ಅಲ್ವಾ? ಜನ ಒದ್ದೆ ಕಾಲಲ್ಲಿ ಓಡಾಡುವ ಜಾಗ ಅದು. ಅರ್ಥಿಂಗ್ ನೋಡಿ, ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ ಅಂತ ನಿಮ್ಮವರು ಒಂದು ಮಾತು ಹೇಳಲಿಲ್ಲ, ನಮ್ಮೂರಿನ ಎಲೆಕ್ಟ್ರಿಷಿಯನ್ ಹೇಳಿದ ಮೇಲೆ ನಾನೇ ಹಾಕಿಸಿದೆ. ಬಿಲ್ ಜಾಸ್ತಿ ಬಂತು ಅಂತ ನಾನು ದೂರುತ್ತಿಲ್ಲ. ಸುಮಾರು 200 ವ್ಯಾಟ್, ದಿನಕ್ಕೆ 8 ಗಂಟೆ ಓಡಿದರೂ ಎರಡು ಯೂನಿಟ್ ಆಗಲ್ಲ.

ಕಳೆದ ವಾರ ಆದದ್ದು ಕೇಳಿ. ಸಂಜೆ ಮಳೆಗೆ ಕರೆಂಟ್ ಹೋಯಿತು, ಮಲೆನಾಡಲ್ಲಿ ಇದು ದಿನದ ಮಾತು, ಅರ್ಧ ಗಂಟೆ ಬಿಟ್ಟು ಬಂತು. ಪಂಪಿಗೆ ಸ್ಟಾರ್ಟರ್ ಇದೆ, ಮತ್ತೆ ಒತ್ತದೆ ಅದು ಓಡಲ್ಲ. ಆದರೆ ನಿಮ್ಮ ಮೆಷಿನ್ನನ್ನು ಬೇರೆ ಪ್ಲಗ್ಗಿಗೆ ಕೊಟ್ಟಿದ್ದರಿಂದ ಅದು ತಾನಾಗೇ ಶುರುವಾಗಿದೆ. ನಾನು ಟಾರ್ಚ್ ಹಿಡಿದು ಪಂಪ್ ಮನೆಗೆ ಹೋಗುವಷ್ಟರಲ್ಲಿ ಸೆಲ್ಲಿನ ಪಾರದರ್ಶಕ ಕವಚದಲ್ಲಿ ಅರ್ಧದ ಮೇಲೆ ನೀರೇ ಇಲ್ಲ, ಕೆಳಗಿನ ನೀರು ಸೋಡಾದ ಹಾಗೆ ನೊರೆ ಎಬ್ಬಿಸುತ್ತಿದೆ. ಹಸಿರು ದೀಪ ಮಾತ್ರ ಆರಾಮಾಗಿ ಉರಿಯುತ್ತಿದೆ. ನೀರು ಹರಿಯದೆ ಪ್ಲೇಟುಗಳಿಗೆ ಕರೆಂಟ್ ಹೋಗುತ್ತಿದ್ದರೆ ಅಲ್ಲಿ ಸೇರುವುದು ಹೈಡ್ರೋಜನ್. ಕಿಡಿ ತಗುಲಿದರೆ ಸಿಡಿಯುವ ಗ್ಯಾಸ್ ಅದು. ಅವತ್ತು ಪಕ್ಕದ ಕೋಣೆಯಲ್ಲಿ ಮಕ್ಕಳಿದ್ದ ಕುಟುಂಬ ಉಳಿದುಕೊಂಡಿತ್ತು.

ಮಾರನೇ ದಿನ ನಿಮ್ಮ ಪೆಟ್ಟಿಗೆ ತೆಗೆದು ನೋಡಿದರೆ, ಥರ್ಮೋಕೋಲಿನ ಅಡಿಯಲ್ಲಿ ಪ್ಲಾಸ್ಟಿಕ್ ಕವರೂ ಬಿಚ್ಚದ ಫ್ಲೋ ಸ್ವಿಚ್ ಬಿದ್ದಿದೆ! ನೀರು ನಿಂತ ಕೂಡಲೇ ಮೆಷಿನ್ ನಿಲ್ಲಿಸಬೇಕಾದ ಸಾಮಾನೇ ಅದು. ಪೈಪ್ ಕತ್ತರಿಸಬೇಕು ಅಂತ ನಿಮ್ಮ ಹುಡುಗ ಹಾಕದೆ ಹೋಗಿದ್ದಾನೆ, ನನಗೆ ಹೇಳಲೂ ಇಲ್ಲ. ಫೋನ್ ಮಾಡಿದರೆ 'ನಿಮ್ಮ ಕಡೆ ವೋಲ್ಟೇಜ್ ಸರಿಯಿಲ್ಲ ಸರ್' ಅನ್ನುವ ಉತ್ತರ. ವೋಲ್ಟೇಜಿಗೂ ಇದಕ್ಕೂ ಏನು ಸಂಬಂಧ? ವೈರಿಂಗ್ ಮಾಡಿದ್ದು ನಿಮ್ಮವನೇ.

ಒಂದು ವಾರದೊಳಗೆ ಕೆಲಸ ಗೊತ್ತಿರುವವರನ್ನು ಕಳಿಸಿ. ಫ್ಲೋ ಸ್ವಿಚ್ ಹಾಕಿಸಿ, ಮೆಷಿನ್ನಿಗೆ ಪಂಪ್ ಸ್ಟಾರ್ಟರಿನ ಆಚೆ ಕಡೆಯಿಂದಲೇ ಕರೆಂಟ್ ಕೊಡಿಸಿ, ಪಂಪ್ ನಿಂತರೆ ಇದೂ ನಿಲ್ಲಲಿ. ಪ್ಲೇಟುಗಳಿಗೆ ಪೆಟ್ಟಾಗಿದ್ದರೆ ವಾರಂಟಿಯಲ್ಲೇ ಸೆಲ್ ಬದಲಿಸಬೇಕು. ಇನ್‌ಪುಟ್ ವೋಲ್ಟೇಜ್ ಎಷ್ಟರಿಂದ ಎಷ್ಟರವರೆಗೆ, ಎಷ್ಟು ಆಂಪಿಯರ್, ಯಾವ ಎಂಸಿಬಿ (ಲೋಡ್ ಜಾಸ್ತಿಯಾದರೆ ಕರೆಂಟ್ ಕಡಿಯುವ ಸ್ವಿಚ್) ಅಂತ ಕನ್ನಡದಲ್ಲಿ ಬರೆದುಕೊಡಿ, ಇಲ್ಲಿ ನೋಡಿಕೊಳ್ಳುವ ಹುಡುಗರಿಗೆ ಇಂಗ್ಲಿಷ್ ಓದಲು ಬರಲ್ಲ.

ಅಲ್ಲಿಯವರೆಗೆ ಪ್ಲಗ್ ಕಿತ್ತಿಟ್ಟಿದ್ದೇನೆ. ಫ್ಲೋ ಸ್ವಿಚ್ಚಿನ ಫೋಟೋ ಮತ್ತು ಬಿಲ್ ಜೊತೆಗಿದೆ.

ಇಂತಿ,
ನಿಮ್ಮ ಗ್ರಾಹಕ
ಆಲ್ದೂರು, ಚಿಕ್ಕಮಗಳೂರು ಜಿಲ್ಲೆ